ಫ್ಯಾಂಟಸಿ ಕಥಾಲೋಕವನ್ನು ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತದಿಂದ ಓದುವುದು ಹೇಗೆ?

ಮುತ್ತಿಗೆಯ ಭೀತಿಯಲ್ಲಿರುವ ಗೊಂಡೋರ್ ರಾಜ್ಯದಿಂದ ದೂತನೊಬ್ಬ ಕೆಂಪು ಬಾಣವೊಂದನ್ನು ಹಿಡಿದು ನೆರೆಯ ರೋಹನ್‌ನ ದೊರೆ ಥಿಯೋಡೆನ್‌ನ ಬಳಿಗೆ ಬರುತ್ತಾನೆ. ಹಳೆಯ ನಂಟಿನ ಹೆಸರಿನಲ್ಲಿ ಸೇನಾ ನೆರವು ಬೇಕು ಎಂಬುದಕ್ಕೆ ಆ ಬಾಣವೇ ಗುರುತು. ದೊರೆಯ ಉತ್ತರದಲ್ಲಿ ಎರಡು ಮಾತುಗಳಿವೆ. ರೋಹನ್‌ಗೆ ಯಾವ ಅಪಾಯವೂ ಇಲ್ಲದಿದ್ದರೂ ನಾವು ನೆರವಿಗೆ ಬರುತ್ತಿದ್ದೆವು ಎಂಬುದು ಒಂದು ಮಾತು. ಹತ್ತು ಸಾವಿರ ಸವಾರರನ್ನು ಕಳುಹಿಸಬಹುದಿತ್ತು, ಆದರೆ ನನ್ನ ಕೋಟೆಗಳನ್ನು ಕಾವಲಿಲ್ಲದೆ ಬಿಡಲಾರೆ, ಕನಿಷ್ಠ ಆರು ಸಾವಿರ ಮಂದಿಯಾದರೂ ನನ್ನ ಹಿಂದೆ ಬರುತ್ತಾರೆ ಎಂಬುದು ಇನ್ನೊಂದು.

ಜೆ. ಆರ್. ಆರ್. ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಈ ಸನ್ನಿವೇಶವನ್ನು ಕಥೆಯ ಓಟದಲ್ಲಿ ಓದಿದರೆ ಸ್ನೇಹಧರ್ಮದ ಚಿತ್ರವಾಗಿ ಕಾಣುತ್ತದೆ. ನಿಂತು ಓದಿದರೆ ಅದರೊಳಗೆ ಎರಡು ಬೇರೆ ಬೇರೆ ತರ್ಕಗಳು ಒಂದೇ ಉಸಿರಿನಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಹೋಗಬೇಕೇ ಬೇಡವೇ ಎಂಬುದನ್ನು ನಂಟು ಮತ್ತು ಕೊಟ್ಟ ಮಾತು ತೀರ್ಮಾನಿಸಿದರೆ, ಎಷ್ಟು ಮಂದಿ ಹೋಗಬೇಕು ಎಂಬುದನ್ನು ಗಡಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. ಇಂಥ ಜಾಗಗಳನ್ನು ಪತ್ತೆಹಚ್ಚುವುದು, ಅವುಗಳಿಗೆ ಸಿದ್ಧಾಂತಗಳನ್ನು ಒರೆಗಲ್ಲಿನಂತೆ ಬಳಸುವುದು ಮತ್ತು ಕಂಡದ್ದನ್ನು ಲೇಖನವಾಗಿಸುವುದು ಹೇಗೆ ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ. ವಿಧಾನ ಕಣ್ಣಿಗೆ ಕಾಣುವಂತಿರಲಿ ಎಂದು ಉದ್ದಕ್ಕೂ ಇದೊಂದೇ ಕಾದಂಬರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ; ನೀವು ಓದಿ ಮೆಚ್ಚಿದ ಯಾವ ಕೃತಿಯನ್ನಾದರೂ ಅದರ ಜಾಗದಲ್ಲಿ ಇಟ್ಟುಕೊಳ್ಳಬಹುದು.

ಮೊದಲ ಹೆಜ್ಜೆ: ಸಿದ್ಧಾಂತಕ್ಕಿಂತ ಮುಂಚೆ ಪ್ರಶ್ನೆ

ಈ ಬಗೆಯ ನನ್ನ ಮೊದಲ ಬರಹದಲ್ಲಿ ಕತ್ತಲ ದೊರೆ ಸೌರಾನ್‌ನ ನಾಡಾದ ಮೊರ್ಡೋರ್‌ಗೆ ವಾಸ್ತವವಾದ, ರೋಹನ್‌ಗೆ ರಚನಾವಾದ, ಸೌರಾನ್‌ನ ವಿರೋಧಿಗಳು ಕೂಡುವ ಎಲ್ರಾಂಡ್‌ನ ಸಭೆಗೆ ಉದಾರವಾದ ಎಂದು (ಈ ಸಿದ್ಧಾಂತಗಳ ಅರ್ಥ ನಾಲ್ಕನೆಯ ಹೆಜ್ಜೆಯಲ್ಲಿ ಬರುತ್ತದೆ) ಹಣೆಪಟ್ಟಿ ಹಚ್ಚುತ್ತಾ ಹೋಗಿದ್ದೆ. ಕರಡು ಓದಿದ ಸಹಪಾಠಿಯೊಬ್ಬಳು ಕೇಳಿದ್ದು ಒಂದೇ ಪ್ರಶ್ನೆ: “ಕಥೆಯಲ್ಲಿ ಏನು ನಡೆದಿದ್ದರೆ ನೀನು ಬರೆದದ್ದು ತಪ್ಪು ಅಂತ ಒಪ್ಪಿಕೊಳ್ಳುತ್ತಿದ್ದೆ?” ನನ್ನಲ್ಲಿ ಉತ್ತರವಿರಲಿಲ್ಲ. ಹಣೆಪಟ್ಟಿ ಎಂದೂ ತಪ್ಪಾಗುವುದಿಲ್ಲ, ಆದ್ದರಿಂದಲೇ ಅದು ಏನನ್ನೂ ತಿಳಿಸುವುದೂ ಇಲ್ಲ.

ಹಾಗಾಗಿ ಕೆಲಸವನ್ನು ಸಿದ್ಧಾಂತದಿಂದ ಶುರುಮಾಡಬೇಡಿ. ಕಥೆಯಲ್ಲಿ ನಿಮಗೆ ಒಗಟಾಗಿ ಉಳಿದ ಒಂದು ನಿರ್ಧಾರದಿಂದ ಶುರುಮಾಡಿ. ರಾಜ್ಯವೊಂದು ತನಗೆ ಲಾಭವಿದ್ದದ್ದನ್ನು ಏಕೆ ಬಿಟ್ಟುಕೊಟ್ಟಿತು? ಬಲಹೀನ ರಾಜ್ಯ ಬಲಿಷ್ಠನ ಪಕ್ಷ ಸೇರದೆ ಎದುರು ನಿಂತದ್ದೇಕೆ? ಎಲ್ಲರಿಗೂ ಗೊತ್ತಿದ್ದ ಅಪಾಯದ ಎದುರು ಮೈತ್ರಿಕೂಟ ಅಷ್ಟು ತಡವಾಗಿ ಕೂಡಿಬಂದದ್ದೇಕೆ? ಇಲ್ಲಿ ನಾನು ಆರಿಸಿಕೊಂಡ ಪ್ರಶ್ನೆ ಇದು: ಶತ್ರುವನ್ನು ಸೋಲಿಸಬಲ್ಲ ಅತಿ ದೊಡ್ಡ ಆಯುಧವಾದ ಉಂಗುರ ಕೈಗೆ ಸಿಕ್ಕಾಗಲೂ ಸೌರಾನ್‌ನ ವಿರೋಧಿಗಳು ಅದನ್ನು ಬಳಸದೆ ನಾಶಮಾಡಲು ತೀರ್ಮಾನಿಸಿದ್ದೇಕೆ?

ಎರಡನೆಯ ಹೆಜ್ಜೆ: ಯಾರು ಯಾರು, ಯಾವ ಸ್ತರದಲ್ಲಿ

ಒಂದು ಹಾಳೆಯಲ್ಲಿ ಕಥಾಲೋಕದ ರಾಜಕೀಯ ಘಟಕಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಎದುರಿಗೆ ಅದರ ನೆಲ, ಸೈನ್ಯ, ಅನ್ನದ ಮೂಲ, ತೀರ್ಮಾನ ಕೈಗೊಳ್ಳುವವರು ಮತ್ತು ಉತ್ತರಾಧಿಕಾರದ ಕ್ರಮ ಇಷ್ಟನ್ನು ನಮೂದಿಸಿ. ಈ ಸರಳ ಕೆಲಸದಲ್ಲೇ ಅನೇಕ ಕೃತಿಗಳ ಗುಟ್ಟು ಬಿಚ್ಚಿಕೊಳ್ಳುತ್ತದೆ. ಗೊಂಡೋರ್ ನಮಗೆ ಪರಿಚಿತವಾದ ಅರ್ಥದಲ್ಲಿ ರಾಜ್ಯ. ಅದಕ್ಕೆ ಗಡಿಯಿದೆ, ರಾಜಧಾನಿಯಿದೆ, ಅರಸನಿಲ್ಲದ ಸಿಂಹಾಸನದ ಪರವಾಗಿ ಆಳುವ ಮೇಲ್ವಿಚಾರಕರ ವಂಶವಿದೆ. ಹಾಬಿಟ್ ಎಂಬ ಕುಳ್ಳ ಜನರ ನಾಡಾದ ಶೈರ್‌ಗೆ ಸೈನ್ಯವೇ ಇಲ್ಲ, ವಿದೇಶಾಂಗ ನೀತಿಯೂ ಇಲ್ಲ. ಅದರ ನೆಮ್ಮದಿಗೆ ಕಾರಣ ಅದರ ಗಡಿಗಳನ್ನು ಸದ್ದಿಲ್ಲದೆ ಕಾಯುವ ಅಲೆಮಾರಿ ಕಾವಲುಗಾರರು, ಮತ್ತು ಆ ಕಾವಲಿನ ವಿಷಯ ಹಾಬಿಟ್‌ಗಳಿಗೇ ಗೊತ್ತಿಲ್ಲ. ಭದ್ರತೆಯನ್ನು ಉಣ್ಣುವವರು ಬೇರೆ, ಅದರ ಬೆಲೆ ತೆರುವವರು ಬೇರೆ ಎಂಬ ಈ ಸಂಗತಿ ಒಂದು ಪ್ರತ್ಯೇಕ ಲೇಖನಕ್ಕೇ ಸಾಕಾಗುವಷ್ಟು ದೊಡ್ಡದು.

ಮುಂದೆ, ನಿಮ್ಮ ಪ್ರಶ್ನೆಯ ಉತ್ತರವನ್ನು ಯಾವ ಸ್ತರದಲ್ಲಿ ಹುಡುಕುತ್ತೀರಿ ಎಂಬುದನ್ನು ತೀರ್ಮಾನಿಸಿ. ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸ ಕೆನೆತ್ ವಾಲ್ಟ್ಜ್ 1959ರಲ್ಲಿ ಯುದ್ಧದ ಕಾರಣಗಳನ್ನು ಮೂರು ಸ್ತರಗಳಲ್ಲಿ ವಿಂಗಡಿಸಿದ್ದರು: ವ್ಯಕ್ತಿಯ ಸ್ವಭಾವ, ರಾಜ್ಯದ ಒಳರಚನೆ, ಮತ್ತು ರಾಜ್ಯಗಳ ನಡುವಿನ ವ್ಯವಸ್ಥೆ. ಫ್ಯಾಂಟಸಿ ಓದುವವರಿಗೆ ಈ ವಿಂಗಡಣೆ ಬಹಳ ಅಗತ್ಯ, ಏಕೆಂದರೆ ಈ ಪ್ರಕಾರದ ಕಥೆಗಳು ನಮ್ಮನ್ನು ಸದಾ ಮೊದಲ ಸ್ತರಕ್ಕೇ ಎಳೆಯುತ್ತವೆ. ಕತ್ತಲ ದೊರೆ ಕೆಟ್ಟವನು, ಆದ್ದರಿಂದ ಯುದ್ಧವಾಯಿತು ಎಂಬ ವಿವರಣೆ ಕಥೆಯೇ ಕೊಡುವ ವಿವರಣೆ. ಆ ದೊರೆಯ ಜಾಗದಲ್ಲಿ ಸಾಧಾರಣ ಮಹತ್ವಾಕಾಂಕ್ಷೆಯ ಅರಸನೊಬ್ಬನಿದ್ದಿದ್ದರೂ ಯುದ್ಧ ನಡೆಯುತ್ತಿತ್ತೇ ಎಂದು ಕೇಳಿಕೊಂಡಾಗ ಮಾತ್ರ ಮೂರನೆಯ ಸ್ತರ ಕಣ್ಣಿಗೆ ಬೀಳುತ್ತದೆ.

ಮೂರನೆಯ ಹೆಜ್ಜೆ: ಮೇಲೆ ಯಾರಾದರೂ ಇದ್ದಾರೆಯೇ?

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಅರಾಜಕತೆ ಎಂದರೆ ಗಲಭೆಯಲ್ಲ. ರಾಜ್ಯಗಳ ಮೇಲೆ ಅವುಗಳನ್ನು ಅಂಕೆಯಲ್ಲಿಡುವ ಸರ್ಕಾರ ಇಲ್ಲದಿರುವ ಸ್ಥಿತಿ. ಬಹುಪಾಲು ಸಿದ್ಧಾಂತಗಳು ಈ ಸ್ಥಿತಿಯನ್ನು ಒಪ್ಪಿಕೊಂಡೇ ಮುಂದುವರಿಯುತ್ತವೆ. ಫ್ಯಾಂಟಸಿಯಲ್ಲಿ ಮಾತ್ರ ಅದನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವಂತಿಲ್ಲ, ಏಕೆಂದರೆ ಅಲ್ಲಿ ದೇವತೆಗಳು ನಿಜವಾಗಿಯೂ ಇದ್ದಾರು, ಶಾಪ ನಿಜವಾಗಿಯೂ ತಟ್ಟೀತು.

ಕೇಳಬೇಕಾದದ್ದು ದೇವರಿದ್ದಾನೆಯೇ ಎಂದಲ್ಲ, ಒಪ್ಪಂದ ಮುರಿದವನಿಗೆ ಶಿಕ್ಷೆ ಕೊಡುವ ಶಕ್ತಿ ಕ್ರಮವಾಗಿ ಮಧ್ಯೆ ಬರುತ್ತದೆಯೇ ಎಂದು. ಟೋಲ್ಕಿನ್‌ನ ಲೋಕದಲ್ಲಿ ಪಶ್ಚಿಮದ ಸಮುದ್ರದಾಚೆಯ ಶಕ್ತಿಗಳು ಗ್ಯಾಂಡಾಲ್ಫ್‌ನಂಥ ಮಾಂತ್ರಿಕರನ್ನು ದೂತರಾಗಿ ಕಳುಹಿಸುತ್ತವೆ. ಆದರೆ ಸೌರಾನ್‌ನ ಬಲಕ್ಕೆ ಬಲವನ್ನೇ ಒಡ್ಡುವುದನ್ನು, ಬೆದರಿಸಿ ಆಳುವುದನ್ನು ಅವರಿಗೆ ನಿಷೇಧಿಸಲಾಗಿದೆ ಎಂದು ಕಾದಂಬರಿಯ ಅನುಬಂಧ ಹೇಳುತ್ತದೆ. ಅಂದರೆ ಮೇಲಿನವರು ಸಲಹೆ ಕೊಡುತ್ತಾರೆ, ಜನರನ್ನು ಒಗ್ಗೂಡಿಸುತ್ತಾರೆ, ಆಳುವುದಿಲ್ಲ. ಕಾದಂಬರಿಯ ಕಾಲದಲ್ಲಿ ರಾಜ್ಯಗಳ ನಡುವಿನ ಸ್ಥಿತಿ ಅರಾಜಕತೆಯೇ ಆಗಿದೆ ಎಂದು ಇದರಿಂದ ಧೈರ್ಯವಾಗಿ ಹೇಳಬಹುದು. ನಿಮ್ಮ ಕೃತಿಯಲ್ಲಿ ದೇವತೆಗಳು ಪ್ರತಿ ಬಾರಿಯೂ ಬಂದು ತೀರ್ಪು ಕೊಡುವುದಾದರೆ, ಅದನ್ನು ಸಾಮ್ರಾಜ್ಯದ ಒಳರಾಜಕೀಯದಂತೆ ಓದಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪ್ರತಿ ಸಿದ್ಧಾಂತದ ನಿರೀಕ್ಷೆಯನ್ನು ಮುಂಚಿತವಾಗಿ ಬರೆದಿಡಿ

ಪುಸ್ತಕವನ್ನು ಮತ್ತೆ ತೆರೆಯುವ ಮುನ್ನ ನಿಮ್ಮ ಪ್ರಶ್ನೆಗೆ ಪ್ರತಿ ಸಿದ್ಧಾಂತವೂ ಯಾವ ಉತ್ತರ ಕೊಡುತ್ತದೆ ಎಂಬುದನ್ನು ಎರಡೆರಡು ವಾಕ್ಯಗಳಲ್ಲಿ ಬರೆದಿಡಿ. ಈ ಶಿಸ್ತನ್ನು ಯಾರೂ ಬಿಡಬಾರದು. ಓದಿದ ಮೇಲೆ ಬರೆದರೆ ಎಲ್ಲ ಸಿದ್ಧಾಂತಗಳೂ ಎಲ್ಲವನ್ನೂ ವಿವರಿಸುವಂತೆ ತೋರುತ್ತವೆ.

ವಾಸ್ತವವಾದದ ನಿರೀಕ್ಷೆ ಸ್ಪಷ್ಟವಾಗಿರುತ್ತದೆ. ತನ್ನ ಉಳಿವಿಗೆ ತಾನೇ ಹೊಣೆಯಾದ ರಾಜ್ಯ ಬಲವನ್ನು ಕೂಡಿಹಾಕುತ್ತದೆ ಅಥವಾ ಇತರರೊಂದಿಗೆ ಸೇರಿ ಬಲಿಷ್ಠನನ್ನು ಸರಿದೂಗಿಸುತ್ತದೆ. ಸ್ಟೀಫನ್ ವಾಲ್ಟ್ 1987ರಲ್ಲಿ ಇದನ್ನು ತಿದ್ದಿ, ರಾಜ್ಯಗಳು ಎದುರು ನಿಲ್ಲುವುದು ಬರೀ ಬಲಕ್ಕಲ್ಲ, ಬೆದರಿಕೆಗೆ ಎಂದರು. ಒಟ್ಟು ಬಲ, ಸಾಮೀಪ್ಯ, ದಾಳಿಯ ಸಾಮರ್ಥ್ಯ, ಆಕ್ರಮಣದ ಉದ್ದೇಶ ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ಇದಕ್ಕೆ ವಿರುದ್ಧವಾದ ನಡೆ, ಅಂದರೆ ಗೆಲ್ಲುವವನ ಪಕ್ಷ ಸೇರುವುದು, ಕಾದಂಬರಿಯಲ್ಲಿ ಮಾಂತ್ರಿಕ ಸಾರುಮಾನ್‌ನ ಬಾಯಲ್ಲಿ ಬರುತ್ತದೆ: ಹೊಸ ಶಕ್ತಿ ಏಳುತ್ತಿದೆ, ಅದರೊಂದಿಗೆ ಸೇರಿಕೊಳ್ಳುವುದೇ ಜಾಣತನ, ಮುಂದೆ ಅದನ್ನು ನಾವೇ ತಿದ್ದಿ ನಡೆಸಬಹುದು ಎಂದು ಅವನು ಗ್ಯಾಂಡಾಲ್ಫ್‌ನನ್ನು ಒಲಿಸಲು ನೋಡುತ್ತಾನೆ.

ಕೌಟಿಲ್ಯನ ಮಂಡಲ ಸಿದ್ಧಾಂತವನ್ನೂ ಇದೇ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಭೂಪಟವಿರುವ ಫ್ಯಾಂಟಸಿ ಕೃತಿಗಳಿಗೆ ಅದರಷ್ಟು ಚೆನ್ನಾಗಿ ಹೊಂದುವ ಸಲಕರಣೆ ಕಡಿಮೆ. ವಿಜಿಗೀಷುವಿನ, ಅಂದರೆ ಗೆಲ್ಲಬಯಸುವ ಅರಸನ, ಗಡಿಗೆ ತಾಗಿದವನು ಅರಿ (ಶತ್ರು), ಅರಿಯ ಆಚೆಗಿನವನು ಮಿತ್ರ, ಬೆನ್ನ ಹಿಂದಿನ ಶತ್ರು ಪಾರ್ಷ್ಣಿಗ್ರಾಹ. ಥಿಯೋಡೆನ್ ಪೂರ್ವಕ್ಕೆ ದಂಡೆತ್ತಿ ಹೋಗಬೇಕಾದರೆ ಪಶ್ಚಿಮದಲ್ಲಿರುವ ಸಾರುಮಾನ್ ಅಕ್ಷರಶಃ ಪಾರ್ಷ್ಣಿಗ್ರಾಹ. ಅವನ ಕಾಟ ಮುಗಿಯುವವರೆಗೂ ರೋಹನ್ ಗೊಂಡೋರ್‌ಗೆ ಒದಗಲಾರದು. ಇಷ್ಟರ ಮಟ್ಟಿಗೆ ಸಿದ್ಧಾಂತ ಗೆಲ್ಲುತ್ತದೆ. ಆದರೆ ಗಡಿ ಹಂಚಿಕೊಂಡ ಗೊಂಡೋರ್ ಮತ್ತು ರೋಹನ್ ಶತ್ರುಗಳಾಗದೆ ಮಿತ್ರರಾಗಿರುವುದನ್ನು ಮಂಡಲ ತಾನಾಗಿ ವಿವರಿಸುವುದಿಲ್ಲ. ಅದಕ್ಕೆ ಚರಿತ್ರೆ ಬೇಕು: ಯುದ್ಧದಲ್ಲಿ ನೆರವಾದ, ರೋಹನ್‌ನ ಮೊದಲ ದೊರೆ ಎಯೋರ್ಲ್‌ನ ಜನಕ್ಕೆ ಗೊಂಡೋರ್‌ನ ಮೇಲ್ವಿಚಾರಕ ಕಿರಿಯೋನ್ ನಾಡೊಂದನ್ನೇ ಬಿಟ್ಟುಕೊಟ್ಟ, ಪ್ರತಿಯಾಗಿ ಆಣೆ ಪಡೆದ. ಸಿದ್ಧಾಂತ ಎಡವಿದ ಜಾಗದಲ್ಲೇ ಬರೆಯಬೇಕಾದ ಸಂಗತಿ ಸಿಕ್ಕಿತು ಎಂಬುದನ್ನು ಗಮನಿಸಿ.

ಉದಾರವಾದ ವ್ಯಾಪಾರ, ಸಂಸ್ಥೆಗಳು ಮತ್ತು ಆಳ್ವಿಕೆಯ ಸ್ವರೂಪವನ್ನು ನೋಡುತ್ತದೆ. ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದದ್ದು, ರಾಬರ್ಟ್ ಕಿಯೋಹೇನ್ 1984ರಲ್ಲಿ ಸಂಸ್ಥೆಗಳು ಮಾಹಿತಿ ಹಂಚಿಕೆಯನ್ನು ಸುಲಭಗೊಳಿಸಿ ಸಹಕಾರವನ್ನು ಬೆಳೆಸುವ ಬಗೆಯನ್ನು ವಿವರಿಸಿದ್ದು ಈ ಪರಂಪರೆಯ ಮುಖ್ಯ ಘಟ್ಟಗಳು. ಅರಸೊತ್ತಿಗೆಗಳೇ ತುಂಬಿರುವ ಕಥೆಗಳಲ್ಲಿ ಇದಕ್ಕೆ ಆಹಾರ ಕಡಿಮೆ. ಅದನ್ನು ಬಲವಂತವಾಗಿ ತುರುಕುವುದಕ್ಕಿಂತ, ಈ ಲೋಕದಲ್ಲಿ ನಿಯಮಿತವಾಗಿ ಸೇರುವ ಸಭೆಯೊಂದು ಏಕಿಲ್ಲ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ರಚನಾವಾದವು ಹಿತಾಸಕ್ತಿಗಳು ಮೊದಲೇ ಸಿದ್ಧವಾಗಿ ಬಂದವಲ್ಲ, ಪರಸ್ಪರ ಒಡನಾಟದಲ್ಲಿ ರೂಪುಗೊಂಡವು ಎನ್ನುತ್ತದೆ. ಅಲೆಕ್ಸಾಂಡರ್ ವೆಂಟ್ 1992ರ ಪ್ರಬಂಧದಲ್ಲಿ ಅರಾಜಕತೆಗೆ ತನ್ನದೇ ಆದ ಒಂದು ತರ್ಕವಿಲ್ಲ, ರಾಜ್ಯಗಳು ಅದನ್ನು ಏನೆಂದು ಮಾಡಿಕೊಳ್ಳುತ್ತವೆಯೋ ಅದು ಅದೇ ಎಂದು ವಾದಿಸಿದರು. 1999ರಲ್ಲಿ ಆ ಸ್ಥಿತಿಯಲ್ಲೇ ಶತ್ರುತ್ವದ, ಪೈಪೋಟಿಯ ಮತ್ತು ಸ್ನೇಹದ ಮೂರು ಸಂಸ್ಕೃತಿಗಳು ಸಾಧ್ಯವೆಂದು ತೋರಿಸಿದರು. ಮೂರೂ ಸಂಸ್ಕೃತಿಗಳು ಒಂದೇ ಕಾದಂಬರಿಯೊಳಗೆ ಅಕ್ಕಪಕ್ಕದಲ್ಲಿ ಸಿಗುವುದು ಫ್ಯಾಂಟಸಿಯ ದೊಡ್ಡ ಅನುಕೂಲ.

ಐದನೆಯ ಹೆಜ್ಜೆ: ಒಂದೇ ನಿರ್ಧಾರದ ಮೇಲೆ ಎಲ್ಲವನ್ನೂ ಒರೆಗೆ ಹಚ್ಚಿ

ಇದು ಇಡೀ ಕೆಲಸದ ತಿರುಳು, ಹೆಚ್ಚು ಸಮಯವನ್ನು ಇಲ್ಲಿಗೇ ಕೊಡಬೇಕು. ಉಂಗುರದ ಪ್ರಶ್ನೆಗೆ ಮರಳೋಣ. ಎಲ್ರಾಂಡ್‌ನ ಸಭೆಯಲ್ಲಿ ಗೊಂಡೋರ್‌ನ ಬೊರೊಮಿರ್ ನೇರವಾಗಿಯೇ ಕೇಳುತ್ತಾನೆ: ಕಷ್ಟಕಾಲದಲ್ಲಿ ತಾನಾಗಿ ಕೈಗೆ ಬಂದ ಆಯುಧವನ್ನು ಬಚ್ಚಿಡುವ, ನಾಶಮಾಡುವ ಮಾತೇಕೆ? ಇದು ಸ್ವಭಾವತಃ ಕೆಟ್ಟವನೊಬ್ಬನ ಮಾತಲ್ಲ. ಮೊರ್ಡೋರ್‌ನ ಗಡಿಯಲ್ಲಿ ದಿನವೂ ಜನ ಕಳೆದುಕೊಳ್ಳುತ್ತಿರುವ ರಾಜ್ಯದ ಪ್ರತಿನಿಧಿ ಆಡಲೇಬೇಕಾದ ಮಾತು. ವಾಸ್ತವವಾದದ ಮೊದಲ ನಿರೀಕ್ಷೆಯೂ ಇದೇ ಆಗಿತ್ತು.

ಎಲ್ರಾಂಡ್‌ನ ಉತ್ತರವನ್ನು ಬಿಡಿಸಿ ನೋಡಿ. ಈ ಉಂಗುರವನ್ನು ಇಷ್ಟಬಂದಂತೆ ಬಳಸಲು ಮೊದಲೇ ದೊಡ್ಡ ಶಕ್ತಿಯುಳ್ಳವರಿಗೆ ಮಾತ್ರ ಸಾಧ್ಯ. ಅಂಥವರಿಗೆ ಅದರ ಅಪಾಯ ಇನ್ನೂ ಹೆಚ್ಚು. ಅದರಿಂದ ಸೌರಾನ್‌ನನ್ನು ಉರುಳಿಸಿದವನು ಅವನ ಸಿಂಹಾಸನದಲ್ಲೇ ಕುಳಿತಾನು. ಮೊದಲಿಗೆ ಯಾವುದೂ ಕೆಟ್ಟದ್ದಾಗಿರುವುದಿಲ್ಲ, ಸೌರಾನ್ ಕೂಡ ಆಗಿರಲಿಲ್ಲ. ಈ ಉತ್ತರಕ್ಕೆ ಕನಿಷ್ಠ ಮೂರು ವಿವರಣೆಗಳು ಹೊಂದುತ್ತವೆ. ವಾಸ್ತವವಾದಿ ಹೇಳಬಹುದಾದದ್ದು ಇದು: ಉಂಗುರ ಅವರ ಕೈಯಲ್ಲಿ ಆಯುಧವೇ ಅಲ್ಲ, ಬಳಸಿದವನನ್ನೇ ನುಂಗುವ ಹೊಣೆ, ಅದನ್ನು ಬಿಟ್ಟದ್ದು ತ್ಯಾಗವಲ್ಲ, ಲೆಕ್ಕ. ಎರಡನೆಯ ವಿವರಣೆ ಜೇಮ್ಸ್ ಫಿಯರನ್ 1995ರಲ್ಲಿ ಯುದ್ಧದ ಕಾರಣಗಳಲ್ಲಿ ಒಂದೆಂದು ಗುರುತಿಸಿದ, ಕೊಟ್ಟ ಮಾತನ್ನು ಮುಂದೆ ಉಳಿಸಿಕೊಳ್ಳುವ ಖಾತರಿ ನೀಡಲಾಗದ ಸಮಸ್ಯೆಯಿಂದ ಹೊರಡುತ್ತದೆ: ಉಂಗುರ ಹಿಡಿದವನು ಗೆದ್ದ ಮೇಲೆ ಮಿತ್ರರನ್ನು ತುಳಿಯುವುದಿಲ್ಲ ಎಂದು ಇಂದು ಎಷ್ಟೇ ಪ್ರಾಮಾಣಿಕವಾಗಿ ಮಾತು ಕೊಟ್ಟರೂ ನಾಳೆ ಆ ಮಾತಿಗೆ ಆಧಾರವಿರುವುದಿಲ್ಲ, ಆದ್ದರಿಂದ ಯಾರ ಕೈಗೂ ಸಿಗದಂತೆ ಮಾಡುವುದೊಂದೇ ಎಲ್ಲರೂ ಒಪ್ಪಬಹುದಾದ ದಾರಿ. ಮೂರನೆಯದು ರಚನಾವಾದದ್ದು: ಉಂಗುರದಿಂದ ಗೆದ್ದರೆ ‘ನಾವು’ ಎಂಬುದೇ ಉಳಿಯುವುದಿಲ್ಲ, ಗೆದ್ದವರು ಬೇರೆ ಯಾರೋ ಆಗಿರುತ್ತಾರೆ.

ಮೂರರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವುದು ಹೇಗೆ? ಅವು ಒಂದಕ್ಕೊಂದು ಭಿನ್ನವಾಗುವ ಸನ್ನಿವೇಶವನ್ನು ಪಠ್ಯದಲ್ಲಿ ಹುಡುಕಿ. ಮೊದಲ ವಿವರಣೆಯೇ ಪೂರ್ತಿ ಸರಿಯಾಗಿದ್ದರೆ, ಉಂಗುರವನ್ನು ಪಳಗಿಸುವಷ್ಟು ಶಕ್ತಿಯಿರುವವರಿಗೆ ಆಮಿಷ ಹೆಚ್ಚಾಗಿ ಅವರು ಅದನ್ನು ತೆಗೆದುಕೊಳ್ಳಬೇಕಿತ್ತು. ಆದರೆ ಉಂಗುರವನ್ನು ಹೊತ್ತ ಹಾಬಿಟ್ ಫ್ರೋಡೊ ತಾನಾಗಿಯೇ ನೀಡಲು ಮುಂದಾದಾಗ ಗ್ಯಾಂಡಾಲ್ಫ್ ನಿರಾಕರಿಸುತ್ತಾನೆ, ಎಲ್ಫ್ ಕುಲದ ಒಡತಿ ಗಲಾಡ್ರಿಯೆಲ್ ಕೂಡ ನಿರಾಕರಿಸುತ್ತಾಳೆ. ಗಲಾಡ್ರಿಯೆಲ್ ತಾನು ಗೆಲ್ಲಲಾರೆ ಎಂದು ಬಿಡುವುದಿಲ್ಲ, ಗೆದ್ದರೆ ಏನಾಗುತ್ತೇನೆ ಎಂಬುದನ್ನು ಕಣ್ಣೆದುರು ತಂದುಕೊಂಡು ಬಿಡುತ್ತಾಳೆ. ಆ ಇಬ್ಬರೂ ಫ್ರೋಡೊನೊಂದಿಗೆ ಮಾತನಾಡುವಾಗ ಸಂಶಯದಿಂದ ನೋಡುವ ಮಿತ್ರರಾಜ್ಯಗಳ ಪ್ರತಿನಿಧಿಗಳು ಯಾರೂ ಅಲ್ಲಿಲ್ಲ, ಆದ್ದರಿಂದ ಎರಡನೆಯ ವಿವರಣೆಯೂ ಅಲ್ಲಿ ಪೂರ್ತಿ ಹೊಂದುವುದಿಲ್ಲ. ನನ್ನ ತೀರ್ಮಾನದಲ್ಲಿ ವ್ಯಕ್ತಿಗಳ ನಿರಾಕರಣೆಯನ್ನು ಮೂರನೆಯದು, ಸಭೆಯ ಸಾಮೂಹಿಕ ಒಪ್ಪಿಗೆಯನ್ನು ಎರಡನೆಯದು ಹೆಚ್ಚು ಚೆನ್ನಾಗಿ ವಿವರಿಸುತ್ತವೆ. ನೀವು ಒಪ್ಪದಿರಬಹುದು, ಆದರೆ ಒಪ್ಪದಿರುವುದಕ್ಕೂ ನೀವು ಇದೇ ಪುಟಗಳಿಗೆ ಹೋಗಬೇಕಾಗುತ್ತದೆ, ಒಳ್ಳೆಯ ಚರ್ಚೆಗೆ ಬೇಕಾದದ್ದು ಅದೇ.

ಬಳಿಕ ಅದೇ ನಿರ್ಧಾರವನ್ನು ಎದುರಾಳಿಯ ಕಡೆಯಿಂದ ನೋಡಿ. ಸೌರಾನ್‌ಗೆ ತನ್ನ ಶತ್ರುಗಳು ಉಂಗುರವನ್ನು ನಾಶಮಾಡಿಯಾರು ಎಂಬ ಯೋಚನೆಯೇ ಹೊಳೆಯುವುದಿಲ್ಲ, ಏಕೆಂದರೆ ಅವರ ಜಾಗದಲ್ಲಿ ತಾನಿದ್ದರೆ ಬಳಸುತ್ತಿದ್ದ. ರಾಬರ್ಟ್ ಜರ್ವಿಸ್ 1976ರಲ್ಲಿ ಅಂತರರಾಷ್ಟ್ರೀಯ ರಾಜಕಾರಣದ ಗ್ರಹಿಕೆ ಮತ್ತು ತಪ್ಪುಗ್ರಹಿಕೆಗಳ ಬಗ್ಗೆ ಬರೆದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕೊನೆಯ ಭಾಗವನ್ನು ಓದಿ. ಉಂಗುರವನ್ನು ನಾಶಮಾಡಲು ಹೋದ ಫ್ರೋಡೊನಿಂದ ಸೌರಾನ್‌ನ ಗಮನ ಬೇರೆಡೆ ತಿರುಗಲಿ ಎಂದು, ಏಳು ಸಾವಿರದಷ್ಟು ಸೈನಿಕರನ್ನು ಕಟ್ಟಿಕೊಂಡು ಗೊಂಡೋರ್‌ನ ಸಿಂಹಾಸನದ ವಾರಸುದಾರ ಅರಗಾರ್ನ್ ಮೊರ್ಡೋರ್‌ನ ಕಪ್ಪು ಬಾಗಿಲಿನತ್ತ ಹೊರಡುತ್ತಾನೆ. ಗೆಲ್ಲಲು ಅದು ಸಾಲದು ಎಂದು ಹೊರಟವರಿಗೂ ಗೊತ್ತು. ಅಷ್ಟು ಸಣ್ಣ ದಂಡಿನ ಅಷ್ಟು ದೊಡ್ಡ ದುಡುಕಿಗೆ ಸೌರಾನ್‌ಗೆ ತೋಚುವ ಕಾರಣ ಒಂದೇ: ಉಂಗುರ ಇವರ ಬಳಿ ಇದೆ. ಬೆಲೆ ತೆರದೆ ಕೊಟ್ಟ ಸೂಚನೆಯನ್ನು ಯಾರೂ ನಂಬುವುದಿಲ್ಲ ಎಂಬ ಸಿದ್ಧಾಂತದ ಮಾತಿಗೆ ಇದಕ್ಕಿಂತ ಗಾಢವಾದ ದೃಷ್ಟಾಂತ ನನಗೆ ಸಿಕ್ಕಿಲ್ಲ. ಇಲ್ಲಿ ತೆತ್ತ ಬೆಲೆ ತಮ್ಮ ಪ್ರಾಣವನ್ನೇ ಒಡ್ಡಿದ್ದು.

ಆರನೆಯ ಹೆಜ್ಜೆ: ಮಾಯೆ ಯಾವ ಊಹೆಯನ್ನು ಬದಲಿಸುತ್ತದೆ?

ಮಾಯೆ, ಭವಿಷ್ಯವಾಣಿ, ಅಮರತ್ವ, ಡ್ರ್ಯಾಗನ್ ಇವುಗಳನ್ನು ಅಲಂಕಾರವೆಂದು ಬದಿಗಿಟ್ಟರೆ ಫ್ಯಾಂಟಸಿಯನ್ನು ಆರಿಸಿಕೊಂಡ ಪ್ರಯೋಜನವೇ ಹೋಗುತ್ತದೆ. ಪ್ರತಿಯೊಂದು ಅದ್ಭುತವೂ ಸಿದ್ಧಾಂತದ ಯಾವುದೋ ಒಂದು ಊಹೆಯನ್ನು ತೆಗೆದುಹಾಕುತ್ತದೆ. ಅದು ಯಾವುದು ಎಂದು ಹೆಸರಿಸಿ, ಉಳಿದ ಕಟ್ಟಡ ನಿಲ್ಲುತ್ತದೆಯೇ ನೋಡಿ.

ಮುರಿದವನನ್ನು ತಾನಾಗಿ ದಂಡಿಸುವ ಆಣೆಯಿರುವ ಲೋಕದಲ್ಲಿ ಫಿಯರನ್ ಹೇಳಿದ ಖಾತರಿಯ ಸಮಸ್ಯೆ ಇರುವುದಿಲ್ಲ. ಆದರೆ ಬಚ್ಚಿಟ್ಟ ಮಾಹಿತಿ ಮತ್ತು ಹಂಚಿಕೊಳ್ಳಲಾಗದ ವಸ್ತು ಎಂಬ ಅವರ ಉಳಿದೆರಡು ಕಾರಣಗಳು ಹಾಗೆಯೇ ಉಳಿಯುತ್ತವೆ. ಟೋಲ್ಕಿನ್‌ನಲ್ಲಿ ಗೊಂಡೋರ್‌ನ ಹಿಂದಿನ ಅರಸ ಇಸಿಲ್ದೂರ್‌ಗೆ ಕೊಟ್ಟ ಮಾತಿಗೆ ತಪ್ಪಿದ ಬೆಟ್ಟದ ಜನ ಸತ್ತ ಮೇಲೂ ವಿಶ್ರಾಂತಿಯಿಲ್ಲದೆ ಅಲೆಯುತ್ತಾರೆ. ಶಾಪ ಅವರನ್ನು ಶಿಕ್ಷಿಸಿತು, ಆದರೆ ಅಂದಿನ ಯುದ್ಧಕ್ಕೆ ಅವರನ್ನು ಕರೆತರಲಿಲ್ಲ. ಶಿಕ್ಷೆಗೂ ತಡೆಗೂ ಇರುವ ವ್ಯತ್ಯಾಸ ಇಷ್ಟು ಸ್ಫುಟವಾಗಿ ಚರಿತ್ರೆಯ ಪುಟಗಳಲ್ಲಿ ಸಿಗುವುದು ಕಷ್ಟ. ಸಾವಿಲ್ಲದವರ ರಾಜಕಾರಣದಲ್ಲಿ ಭವಿಷ್ಯದ ನೆರಳು, ಅಂದರೆ ಮುಂದೆ ಮತ್ತೆ ಎದುರಾಗುತ್ತೇವೆ ಎಂಬ ಅರಿವು ಇಂದಿನ ನಡೆಯ ಮೇಲೆ ಬೀರುವ ಪ್ರಭಾವ, ಅತಿ ಉದ್ದ. ರಾಬರ್ಟ್ ಆಕ್ಸೆಲ್‌ರಾಡ್ 1984ರಲ್ಲಿ ತೋರಿಸಿದಂತೆ ಮತ್ತೆ ಮತ್ತೆ ಎದುರಾಗುವವರ ನಡುವೆ ಸಹಕಾರ ಬೆಳೆಯುವುದಾದರೆ, ಸಾವಿರಾರು ವರ್ಷ ಎದುರಾಗುವವರು ಇನ್ನಷ್ಟು ಸಹಕರಿಸಬೇಕು; ಆದರೆ ಹಳೆಯ ಹಗೆಯನ್ನು ಮರೆಯುವ ಹೊಸ ತಲೆಮಾರೂ ಅವರಲ್ಲಿ ಬರುವುದಿಲ್ಲ.

ದೂರದ್ದನ್ನು ತೋರಿಸುವ ಮಾಯೆಯ ಕಲ್ಲನ್ನೇ ತೆಗೆದುಕೊಳ್ಳಿ. ಹೆಚ್ಚು ಮಾಹಿತಿ ಸಿಕ್ಕಷ್ಟೂ ಯುದ್ಧದ ತಪ್ಪುಗ್ರಹಿಕೆ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಗೊಂಡೋರ್‌ನ ಮೇಲ್ವಿಚಾರಕ ಡೆನೆಥೋರ್ ಆ ಕಲ್ಲಿನಲ್ಲಿ ಕಾಣುವುದೆಲ್ಲ ನಿಜ. ನದಿಯಲ್ಲಿ ಕಪ್ಪು ಹಾಯಿಯ ಹಡಗುಗಳು ಬರುತ್ತಿರುವುದೂ ನಿಜ. ಆದರೆ ಆ ಹಡಗುಗಳಲ್ಲಿ ಇರುವವನು ಶತ್ರುವಲ್ಲ, ಅವುಗಳನ್ನು ವಶಪಡಿಸಿಕೊಂಡ ಅರಗಾರ್ನ್ ಎಂಬುದು ಕಲ್ಲಿನಲ್ಲಿ ಕಾಣಲಿಲ್ಲ. ಏನನ್ನು ತೋರಿಸಬೇಕು ಎಂದು ಎದುರಾಳಿ ಆರಿಸುವಾಗ ನಿಜವಾದ ಮಾಹಿತಿಯೇ ಆಡಳಿತಗಾರನೊಬ್ಬನನ್ನು ಹತಾಶೆಗೆ ನೂಕಿತು.

ಏಳನೆಯ ಹೆಜ್ಜೆ: ಭೂಪಟದ ಅಂಚಿನವರು

ಸಿಂಥಿಯಾ ಎನ್ಲೋ 1989ರಲ್ಲಿ ಅಂತರರಾಷ್ಟ್ರೀಯ ರಾಜಕಾರಣದಲ್ಲಿ ಹೆಂಗಸರು ಎಲ್ಲಿದ್ದಾರೆ ಎಂದು ಕೇಳಿದರು. ಇಮ್ಯಾನುಯೆಲ್ ವಾಲರ್‌ಸ್ಟೈನ್ 1974ರಿಂದ ಕೇಂದ್ರ ಮತ್ತು ಅಂಚುಗಳ ನಡುವಿನ ಶ್ರಮವಿಭಜನೆಯನ್ನು ವಿವರಿಸಿದರು. ಈ ಎರಡು ಪ್ರಶ್ನೆಗಳನ್ನು ಹಿಡಿದು ಪುಸ್ತಕವನ್ನು ಇನ್ನೊಮ್ಮೆ ಓದಿದರೆ ಮುಖ್ಯ ಕಥೆಯಲ್ಲಿ ಒಂದೇ ಸಾಲಿನಲ್ಲಿ ಹಾದುಹೋದದ್ದು ಎದ್ದು ಬರುತ್ತದೆ. ಮೊರ್ಡೋರ್‌ನ ಅಷ್ಟು ದೊಡ್ಡ ಸೈನ್ಯಕ್ಕೆ ಅನ್ನ ಎಲ್ಲಿಂದ? ದಕ್ಷಿಣದ ನೂರ್ನೆನ್ ಸರೋವರದ ಬಳಿ ಗುಲಾಮರು ದುಡಿಯುವ ಹೊಲಗಳಿವೆ, ಸುತ್ತಲ ನಾಡುಗಳಿಂದ ಕಪ್ಪ ಬರುತ್ತದೆ ಎಂದು ಕಾದಂಬರಿ ಹೇಳುತ್ತದೆ. ಯುದ್ಧದ ನಂತರ ಅರಗಾರ್ನ್ ಆ ಗುಲಾಮರನ್ನು ಬಿಡುಗಡೆ ಮಾಡಿ ಅಲ್ಲಿನ ನೆಲವನ್ನು ಅವರಿಗೇ ಕೊಡುತ್ತಾನೆ. ಥಿಯೋಡೆನ್ ದಂಡು ಹೊರಟಾಗ ನಾಡನ್ನು ನೋಡಿಕೊಳ್ಳುವ ಹೊಣೆ ಅವನ ತಂಗಿಯ ಮಗಳು ಎಯೋವಿನ್‌ಗೆ ಬೀಳುತ್ತದೆ, ಅವಳು ಆ ಹೊಣೆಯನ್ನು ಬಿಟ್ಟು ವೇಷ ಮರೆಸಿ ರಣರಂಗಕ್ಕೆ ಹೋಗುತ್ತಾಳೆ. ಸೌರಾನ್‌ನ ಪರವಾಗಿ ಹೋರಾಡುವ ದಕ್ಷಿಣದ ಜನರಿಗೆ ಕಾದಂಬರಿಯಲ್ಲಿ ದನಿಯೇ ಇಲ್ಲ. ಆದರೆ ಅವರಲ್ಲೊಬ್ಬ ಸತ್ತು ಬಿದ್ದಾಗ ಫ್ರೋಡೊನ ಸಂಗಾತಿ ಸ್ಯಾಮ್ ಅವನ ಹೆಸರೇನಿತ್ತು, ಎಲ್ಲಿಂದ ಬಂದ, ನಿಜವಾಗಿಯೂ ಕೆಟ್ಟವನೇ ಆಗಿದ್ದನೇ, ಯಾವ ಸುಳ್ಳು ಅಥವಾ ಬೆದರಿಕೆ ಅವನನ್ನು ಮನೆಯಿಂದ ಇಷ್ಟು ದೂರ ತಂದಿತು ಎಂದು ಯೋಚಿಸುತ್ತಾನೆ. ಮಣ್ಣಿನ ಕೆಲಸ ಮಾಡುವ ತೋಟಗಾರನ ತಲೆಯಲ್ಲಿ ಈ ಪ್ರಶ್ನೆ ಹುಟ್ಟಿದ್ದು, ಸಭೆಗಳಲ್ಲಿ ಕುಳಿತವರ ಬಾಯಲ್ಲಿ ಬಾರದಿದ್ದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಎಂಟನೆಯ ಹೆಜ್ಜೆ: ಅನ್ಯೋಕ್ತಿಯ ಬಲೆಗೆ ಬೀಳಬೇಡಿ

ಈ ರಾಜ್ಯವೆಂದರೆ ಆ ದೇಶ, ಈ ಆಯುಧವೆಂದರೆ ಅಣುಬಾಂಬು ಎಂದು ಹೊಂದಿಸುತ್ತಾ ಹೋಗುವುದು ಸುಲಭ, ಅದರಿಂದ ಕಲಿಯುವುದು ಅತ್ಯಲ್ಪ. ಟೋಲ್ಕಿನ್ ತಮ್ಮ ಕಾದಂಬರಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅನ್ಯೋಕ್ತಿಯನ್ನು ತಾವು ಇಷ್ಟಪಡುವುದಿಲ್ಲವೆಂದೂ, ಓದುಗರು ತಮ್ಮ ಅನುಭವಕ್ಕೆ ಅನ್ವಯಿಸಿಕೊಳ್ಳುವ ಸ್ವಾತಂತ್ರ್ಯ ಬೇರೆಯದೇ ಸಂಗತಿಯೆಂದೂ ಬರೆದರು. ಎರಡನೆಯ ಮಹಾಯುದ್ಧವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರೆ ಉಂಗುರವನ್ನು ವಶಪಡಿಸಿಕೊಂಡು ಸೌರಾನ್‌ನ ವಿರುದ್ಧ ಬಳಸಲಾಗುತ್ತಿತ್ತು, ಅವನ ಕೋಟೆಯನ್ನು ಕೆಡವದೆ ಆಕ್ರಮಿಸಿಕೊಳ್ಳಲಾಗುತ್ತಿತ್ತು ಎಂದೂ ಹೇಳಿದರು. ಹೀಗೆ ಲೇಖಕನೇ ತನ್ನ ಕಥೆಯ ವಾಸ್ತವವಾದಿ ರೂಪವನ್ನು ಪಕ್ಕದಲ್ಲಿ ಇಟ್ಟು ತೋರಿಸಿದ್ದಾನೆ. ನಾವು ಐದನೆಯ ಹೆಜ್ಜೆಯಲ್ಲಿ ಕೇಳಿದ ಪ್ರಶ್ನೆಗೆ ಇದು ಬಹುಮುಖ್ಯ ಸಾಕ್ಷಿ.

ಇದೇ ಕಾರಣಕ್ಕೆ ಇನ್ನೊಂದು ಮಿತಿಯನ್ನೂ ನೆನಪಿನಲ್ಲಿಡಬೇಕು. ಕಥೆಯ ಘಟನೆಗಳು ಲೇಖಕನ ಆಯ್ಕೆಗಳು. ಅವುಗಳಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ. ಐವರ್ ನಾಯ್ಮನ್ ಮತ್ತು ಡೇನಿಯಲ್ ನೆಕ್ಸನ್ 2006ರಲ್ಲಿ ಹ್ಯಾರಿ ಪಾಟರ್ ಕುರಿತು ಸಂಪಾದಿಸಿದ ಪ್ರಬಂಧ ಸಂಕಲನವಾಗಲಿ, ಡೇನಿಯಲ್ ಡ್ರೆಜ್ನರ್ 2011ರಲ್ಲಿ ಜಾಂಬಿಗಳ ದಾಳಿಯನ್ನು ಊಹಿಸಿಕೊಂಡು ಪ್ರತಿ ಸಿದ್ಧಾಂತದ ನಿರೀಕ್ಷೆಯನ್ನೂ ವಿವರಿಸಿದ ಪುಸ್ತಕವಾಗಲಿ ಕಥೆಯನ್ನು ಸಾಬೀತಿನ ಸಾಧನವಾಗಿ ಬಳಸಿದವಲ್ಲ. ಸಿದ್ಧಾಂತದ ಒಳತರ್ಕವನ್ನು ಬಿಚ್ಚಿ ತೋರಿಸಲು, ಜನರ ರಾಜಕೀಯ ಕಲ್ಪನೆಯನ್ನು ಕಥೆಗಳು ಹೇಗೆ ರೂಪಿಸುತ್ತವೆ ಎಂದು ಕೇಳಲು ಬಳಸಿದವು.

ಒಂಬತ್ತನೆಯ ಹೆಜ್ಜೆ: ಬರವಣಿಗೆ

ಲೇಖನವನ್ನು ಒಂದು ದೃಶ್ಯದಿಂದ ಆರಂಭಿಸಿ, ಪ್ರಶ್ನೆಯನ್ನು ಮೊದಲ ಪುಟದಲ್ಲೇ ಇಡಿ. ಎರಡು ಸಿದ್ಧಾಂತಗಳನ್ನು ಆಳವಾಗಿ ಬಳಸ ಹೊರಟರೆ ಐದನ್ನು ಮುಟ್ಟಿ ಹೋಗುವ ಅಗತ್ಯ ಬೀಳುವುದಿಲ್ಲ. ನಿಮ್ಮ ವಾದಕ್ಕೆ ವಿರುದ್ಧವಾದ ದೃಶ್ಯವನ್ನು ನೀವೇ ಹೆಸರಿಸಿ, ಬೇರೆಯವರು ಎತ್ತಿ ತೋರಿಸುವವರೆಗೆ ಕಾಯಬೇಡಿ. ಪುಸ್ತಕವನ್ನೂ ಅದರ ಚಲನಚಿತ್ರ ರೂಪವನ್ನೂ ಬೆರೆಸಬೇಡಿ, ಏಕೆಂದರೆ ಪಾತ್ರಗಳ ತೀರ್ಮಾನಗಳು ಮತ್ತು ಅವುಗಳ ಕಾರಣಗಳು ಒಂದರಿಂದ ಇನ್ನೊಂದಕ್ಕೆ ಬದಲಾಗಿರುತ್ತವೆ.

ಕರಡು ಮುಗಿದ ಮೇಲೆ ವಾಸ್ತವವಾದ, ಉದಾರವಾದ, ರಚನಾವಾದ ಎಂಬ ಪದಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ ಮತ್ತೊಮ್ಮೆ ಓದಿ. ವಾದ ಇನ್ನೂ ಅರ್ಥವಾಗುತ್ತಿದ್ದರೆ ಆ ಪದಗಳನ್ನು ಮರಳಿ ತನ್ನಿ. ಅರ್ಥವಾಗದಿದ್ದರೆ, ಪದ ಮಾತ್ರ ಇದ್ದು ವಿವರಣೆ ಇಲ್ಲದ ಆ ಸಾಲುಗಳನ್ನು ಗುರುತು ಹಾಕಿಕೊಂಡು, ಅಲ್ಲಿ ಯಾರು, ಯಾವ ಪುಟದಲ್ಲಿ, ಯಾವುದಕ್ಕೆ ಹೆದರಿ ಅಥವಾ ಏನನ್ನು ಬಯಸಿ, ಯಾವ ತೀರ್ಮಾನಕ್ಕೆ ಬಂದರು ಎಂಬುದನ್ನು ಬರೆಯಿರಿ.